ಕೀಲಿ ಯಾರ ಮನೆಯಲ್ಲಿದೆ?

ಸಂಜೆ ಐದರ ಹೊತ್ತಿಗೆ ನಮ್ಮ ಕಡೆಯ ಒಂದು ಹಳ್ಳಿಗೆ ಹೋಗಿ ನೋಡಿ. ಅದು ನವಲಗುಂದ, ರೋಣ, ಸವಣೂರು ಯಾವ ತಾಲ್ಲೂಕಿನದಾದರೂ ಆದೀತು. ಅಗಸಿ (ಊರ ಬಾಗಿಲು) ಕಟ್ಟಿಯ ಮೇಲೆ ಹತ್ತು ಹದಿನೈದು ಮಂದಿ ಕೂತಿರುತ್ತಾರೆ. ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಹೆಣ್ಣುಮಕ್ಕಳು ಪಾಳಿ ಕಾಯುತ್ತಿರುತ್ತಾರೆ. ಡೇರಿಯ ಬಾಗಿಲಲ್ಲಿ ಕ್ಯಾನುಗಳ ಸಾಲು ನಿಂತಿರುತ್ತದೆ. ಊರ ಹೊರಗೆ ಹಳ್ಳದಾಚೆ ಲಕ್ಷಗಟ್ಟಲೆ ಹಾಕಿ ಕಟ್ಟಿಸಿದ ಸಮುದಾಯ ಭವನಕ್ಕೆ ಮಾತ್ರ ಎಷ್ಟೋ ಕಡೆ ತುಕ್ಕು ಹಿಡಿದ ಬೀಗ. "ನಮ್ಮ ಜನಕ್ಕ ಒಗ್ಗಟ್ಟಿಲ್ಲರಿ" ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ನಾನು ಒಪ್ಪುವುದಿಲ್ಲ. ಅದೇ ಜನ ಅಗಸಿಯಲ್ಲಿ ದಿನಾ ಕೂಡುತ್ತಾರಲ್ಲ. ತಪ್ಪಿರುವುದು ಜಾಗದ ಆಯ್ಕೆಯಲ್ಲಿ.

ಬೀಜ ಬ್ಯಾಂಕ್, ರೊಟ್ಟಿ ಕೇಂದ್ರ, ಓದುವ ಮನೆ, ಕೂಸಿನ ಮನೆ, ಉಳಿತಾಯ ಸಂಘ: ಇವೆಲ್ಲ ತಮ್ಮ ತೊಂದರೆಗೆ ಜನ ತಾವೇ ಸೇರಿ ಹೊಸ ದಾರಿ ಹುಡುಕುವ ಕೆಲಸಗಳು. ಸಾಮಾಜಿಕ ನಾವೀನ್ಯ ಎಂದು ಕರೆಯುವುದು ಇದನ್ನೇ. ಇಂಥ ಕೆಲಸ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಯೋಜನೆ ಬರೆಯುತ್ತಾರೆ, ದುಡ್ಡು ಹೊಂದಿಸುತ್ತಾರೆ, ತರಬೇತಿ ಕೊಡಿಸುತ್ತಾರೆ, ಕೊನೆಗೆ "ಎಲ್ಲ್ಯಾರ ಒಂದ್ ಖೋಲಿ ಸಿಕ್ಕೀತ ನೋಡ್ರಿ" ಅನ್ನುತ್ತಾರೆ. ಆ ಕ್ರಮ ಉಲ್ಟಾ ಆಗಬೇಕು.

ಇದಕ್ಕೆ ನಮ್ಮ ಭಾಗದಲ್ಲೇ ಹಳೆಯ ಸಾಕ್ಷಿ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದು ದೇಶದ ಮೊದಲ ಸಂಘವೆಂಬ ಹೆಮ್ಮೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿದ್ದ 1904ರ ಕಾಯ್ದೆಯಲ್ಲಿ ಏನಿತ್ತೆಂಬುದನ್ನು ಹೇಳುವವರು ಕಡಿಮೆ. ಸಂಘ ಕಟ್ಟಲು ಕನಿಷ್ಠ ಹತ್ತು ಮಂದಿ ಬೇಕಿತ್ತು, ಅವರು ಒಂದೇ ಊರಿನವರೋ ಅಕ್ಕಪಕ್ಕದ ಊರುಗಳವರೋ ಆಗಿರುವುದು ಅದರ ಮುಖ್ಯ ದಾರಿಯಾಗಿತ್ತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ, ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಆಸ್ತಿಗೂ ಬಿಸಿ ತಟ್ಟುತ್ತಿತ್ತು. ಅಂಥ ಹೊಣೆ ಹೊರಲು ಎದುರಿಗಿನವನ ಹೊಲ ಎಷ್ಟು, ಈ ಸಲ ಮಳೆ ಎಷ್ಟಾಯಿತು, ಅವನ ಮನೆಯಲ್ಲಿ ಮದುವೆ ಇದೆಯೋ ಇಲ್ಲವೋ ಎಲ್ಲ ಗೊತ್ತಿರಬೇಕು. ದಿನಾ ಒಂದೇ ಅಗಸಿ ದಾಟುವವರಿಗೆ ಮಾತ್ರ ಅದು ಗೊತ್ತಿರುತ್ತದೆ. ಬ್ಯಾಂಕಿನವರು ಕಾಗದದಲ್ಲಿ ಹುಡುಕುವ ವಿವರ ಅಲ್ಲಿ ಓಣಿಯಲ್ಲೇ ಇತ್ತು. ಜಾಗವೇ ಆ ಸಂಘದ ಬಂಡವಾಳವಾಗಿತ್ತು.

ಧಾರವಾಡದ ಸುಭಾಸ ರಸ್ತೆಯ ಅಟ್ಟದ ಮಾತೂ ಅಂಥದ್ದೇ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಅಲ್ಲಿಂದ ನಡೆಯಿತು. ಪೇಟೆಗೆ ಬಂದವರು ಮೆಟ್ಟಿಲು ಹತ್ತಿದರೆ ಸಾಕಿತ್ತು. ಪುಸ್ತಕ ಪ್ರಕಟಿಸುವ ಜಾಗವೂ ಸಾಹಿತಿಗಳು ಕೂತು ಹರಟುವ ಜಾಗವೂ ಒಂದೇ ಆಗಿದ್ದರಿಂದ ಮಾತು ಹಸ್ತಪ್ರತಿಯಾಗಲು ದೂರ ಹೋಗಬೇಕಾಗಿರಲಿಲ್ಲ. ಯಾವ ಸಭಾಭವನವೂ ಇಂಥದ್ದನ್ನು ಮಾಡಿಕೊಟ್ಟೀತೆಂದು ನನಗನಿಸುವುದಿಲ್ಲ.

ಈಗ ಕೆಲಸದ ಮಾತಿಗೆ ಬರೋಣ.

ಮೊದಲ ಎಂಟು ದಿನ ಏನನ್ನೂ ಶುರು ಮಾಡಬೇಡಿ, ಸುಮ್ಮನೆ ಊರು ತಿರುಗಿ. ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಏಳೂವರೆಗೆ, ಹೀಗೆ ದಿನಕ್ಕೆ ನಾಲ್ಕು ಸುತ್ತು. ಸಂತಿಯ ದಿನ ಮತ್ತು ಅಮಾವಾಸ್ಯೆ ಈ ಎಂಟರೊಳಗೆ ಬರಲಿ. ಯಾರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದಷ್ಟೇ ಬರೆದುಕೊಳ್ಳಿ. ಕುಡಿಯುವ ನೀರಿನ ಘಟಕದ ಮುಂದೆ ಹೆಣ್ಣುಮಕ್ಕಳು ನಿಲ್ಲುವುದು ಕೊಡ ತುಂಬುವಷ್ಟು ಹೊತ್ತು ಮಾತ್ರ. ಗಿರಣಿಯ ಮುಂದೆ ಇಪ್ಪತ್ತು ನಿಮಿಷ ಆದೀತು. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಎರಡು ತಾಸು. ಗಿರಣಿಯ ಪಕ್ಕದಲ್ಲಿ ಪುಸ್ತಕದ ಕಪಾಟೋ ಬೀಜ ಬದಲಿಸಿಕೊಳ್ಳುವ ಕೋಣೆಯೋ ಇದ್ದರೆ, ಜನರನ್ನು ಕರೆಯುವ ಅರ್ಧ ಕೆಲಸವನ್ನು ಗಿರಣಿಯೇ ಮಾಡಿಕೊಡುತ್ತದೆ.

ಆಮೇಲೆ ಊರ ನಕಾಶೆ ಬರೆಸಿ. ಕಾಗದ ಬೇಡ. ಕಾಗದ ತಂದರೆ ಪೆನ್ನು ಹಿಡಿದವರು ಮಾತ್ರ ಮಾತಾಡುತ್ತಾರೆ. ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಓಣಿ, ಗುಡಿ, ಮಸೀದಿ, ಕೆರೆ, ಶಾಲೆ ಬರೆಯಲು ಹೇಳಿ. ದಿನಾ ಹೋಗುವ ಜಾಗದ ಮೇಲೆ ಜೋಳದ ಕಾಳು, ಹೋಗಲು ಮನಸ್ಸಿದ್ದೂ ಹೋಗಲಾಗದ ಜಾಗದ ಮೇಲೆ ಕಡಲೆ, ಕಾಲಿಡಲು ಮನಸ್ಸೇ ಬಾರದ ಜಾಗದ ಮೇಲೆ ಸಣ್ಣ ಕಲ್ಲು. ಹೆಣ್ಣುಮಕ್ಕಳದು ಬೇರೆ, ಗಂಡಸರದು ಬೇರೆ, ಹೈಸ್ಕೂಲು ಹುಡುಗಿಯರದು ಬೇರೆ, ಹೀಗೆ ಮೂರು ನಕಾಶೆ ಆಗಬೇಕು. ಒಟ್ಟಿಗೆ ಕೂರಿಸಿದರೆ ಗಂಡಸರ ನಕಾಶೆಯೊಂದೇ ಸಿಗುತ್ತದೆ. ಹೆಣ್ಣುಮಕ್ಕಳಿಗೆ ರೊಟ್ಟಿ ಕೆಲಸ ಮುಗಿದ ಹನ್ನೊಂದರ ಹೊತ್ತು ಚಲೋ, ಆದರೆ ಕಳೆ ತೆಗೆಯುವ ದಿನಗಳಲ್ಲಿ ಆ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ, ಆಗ ರಾತ್ರಿ ಊಟದ ನಂತರ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಂಡಸರು ಜೋಳ ಸುರಿದ ಬಸ್ ನಿಲ್ದಾಣದ ಮೇಲೆ ಹುಡುಗಿಯರು ಕಲ್ಲು ಇಟ್ಟಿರುವುದು ಕಣ್ಣಿಗೆ ಬಿದ್ದೀತು. ಅಂಥಲ್ಲಿ ಓದುವ ಮನೆ ತೆರೆದರೆ ಸಂಜೆ ಆರರ ಮೇಲೆ ಹುಡುಗರಷ್ಟೇ ಬರುತ್ತಾರೆ, ಅದಕ್ಕೆ ಹುಡುಗಿಯರ ಆಸಕ್ತಿಯನ್ನು ದೂರಿ ಉಪಯೋಗವಿಲ್ಲ.

ಕಡಲೆ ಬಿದ್ದ ಜಾಗಗಳ ಬಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಮಾತಾಡಬೇಕು. ಗುಡಿಯ ಪಡಸಾಲಿ ಪುಕ್ಕಟೆ ಸಿಗುತ್ತದೆ, ತಂಪಾಗಿರುತ್ತದೆ, ಊರ ನಡುವೆ ಇರುತ್ತದೆ. ಆದರೆ ಅಲ್ಲಿ ಸಂಘದ ಸಭೆ ಇಟ್ಟರೆ ಮುಟ್ಟಾದವರು ಆ ವಾರ ಬರುವುದಿಲ್ಲ, ಮುಸ್ಲಿಂ ಮನೆಯವರು ಬರುವುದಿಲ್ಲ, ದಲಿತ ಓಣಿಯವರು ಬಂದರೂ ಮೆಟ್ಟಿಲ ಹತ್ತಿರವೇ ಕೂರುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಜರಿ ಪುಸ್ತಕ ಹೇಳುತ್ತದೆ. ದೊಡ್ಡವರೊಬ್ಬರು ಪ್ರೀತಿಯಿಂದ ಬಿಟ್ಟುಕೊಟ್ಟ ಮನೆಯ ಪಡಸಾಲಿಗೂ ಇದೇ ಗತಿ. ಅವರೇ ಸಾಲ ಕೊಡುವವರೂ ಆಗಿದ್ದರೆ, ಬಡ್ಡಿಯ ಮಾತು ಅವರ ಕಂಬದ ಕೆಳಗೆ ಕೂತು ಎತ್ತುವವರು ಯಾರು? ಒಂದು ಓಣಿಯ ಒಳಗೆ ಹೊಕ್ಕ ಜಾಗಕ್ಕಿಂತ ಎರಡು ಮೂರು ಓಣಿ ಕೂಡುವ ಮೂಲೆ ಲೇಸು. ಅಂಗನವಾಡಿಯ ಪಕ್ಕ, ಶಾಲೆಯ ಕಂಪೌಂಡಿನ ಅಂಚು, ಪಂಚಾಯಿತಿಯ ಹಳೆಯ ಚಾವಡಿ ಇಂಥ ಕಡೆ ಮೊದಲು ಹುಡುಕಿ. ದೂರದ ವಿಷಯದಲ್ಲಿ ನಾನು ಹಿಡಿಯುವ ಅಳತೆ ಮುನ್ನೂರು ಹೆಜ್ಜೆ. ಅದಕ್ಕಿಂತ ಹೆಚ್ಚಾದರೆ ಕೂಸು ಎತ್ತಿಕೊಂಡವರು, ಮೊಣಕಾಲು ನೋವಿನವರು ಮೊದಲು ಉದುರುತ್ತಾರೆ.

ಕೋಣೆಯ ಅಳತೆಯಲ್ಲಿ ಆಗುವ ತಪ್ಪು ಸಣ್ಣದಾಗಿ ಕಂಡರೂ ದೊಡ್ಡದು. ಸ್ವಸಹಾಯ ಸಂಘವೆಂದರೆ ಹತ್ತರಿಂದ ಇಪ್ಪತ್ತು ಮಂದಿ. ಚಕ್ಕಳ ಬಕ್ಕಳ ಹಾಕಿ ಕೂತರೆ ಒಬ್ಬರಿಗೆ ಎರಡು ಅಡಿ ಬೇಕು. ಇಪ್ಪತ್ತು ಮಂದಿ ದುಂಡಗೆ ಕೂರಲು ನಲವತ್ತು ಅಡಿ ಸುತ್ತಳತೆ, ಅಂದರೆ ಅಡ್ಡಗಲ ಹದಿಮೂರು ಅಡಿ. ಅದು ನಡುವಿನ ಲೆಕ್ಕ, ಬೆನ್ನ ಹಿಂದೆ ಒಂದೂವರೆ ಅಡಿ ಬಿಟ್ಟರೆ ಕೋಣೆಯ ಒಳಗಳತೆ ಹದಿನಾರು ಹದಿನಾರು ಅಡಿ ಬೇಕಾಗುತ್ತದೆ. ಅಷ್ಟೇ ಮಂದಿಯನ್ನು ಹತ್ತು ಅಡಿ ಅಗಲದ ಉದ್ದ ಕೋಣೆಯಲ್ಲಿ ಕೂರಿಸಿದರೆ ಸಾಲು ಬೀಳುತ್ತದೆ. ಸಾಲು ಬಿದ್ದ ಮೇಲೆ ಒಂದು ತುದಿಗೆ ಟೇಬಲ್ ಬರುತ್ತದೆ, ಟೇಬಲ್ಲಿನ ಹಿಂದೆ ಒಬ್ಬರು ಕೂರುತ್ತಾರೆ, ಉಳಿದವರು ಕೇಳುವವರಾಗುತ್ತಾರೆ. ಮೂರನೇ ಸಾಲಿನಲ್ಲಿ ಕೂತವರು ವರ್ಷಗಟ್ಟಲೆ ಒಂದು ಮಾತೂ ಆಡದೆ ಇದ್ದುಬಿಡಬಹುದು. ಕುರ್ಚಿಯೂ ಹಾಗೆಯೇ. ಹನ್ನೆರಡು ಕುರ್ಚಿ ತಂದರೆ ಗಂಡಸರು ಮತ್ತು ಸಾಹೇಬರು ಮೇಲೆ, ಹೆಣ್ಣುಮಕ್ಕಳು ಕೆಳಗೆ. ತಂದರೆ ಎಲ್ಲರಿಗೂ ಕುರ್ಚಿ ತನ್ನಿ, ಇಲ್ಲವಾದರೆ ಬಂದವರೆಲ್ಲ ಜಮಖಾನೆಯ ಮೇಲೆ ಕೂರಲಿ, ಶಿಕ್ಷಣಾಧಿಕಾರಿ (ಬಿಇಒ) ಬಂದರೂ ಅಲ್ಲೇ. ಮೊಣಕಾಲು ಬಾರದವರಿಗೆ ಗೋಡೆಗುಂಟ ಒಂದಡಿ ಎತ್ತರದ ಕಟ್ಟಿ ಕಟ್ಟಿಸಿದರೆ ಸಾಕು, ಅದು ವೇದಿಕೆಯಂತೆ ಕಾಣುವುದಿಲ್ಲ.

ದೊಡ್ಡ ತಗಡಿನ ಭವನವೇ ಸಿಕ್ಕರೆ ಮಾತು ಗುಂಯ್‌ಗುಟ್ಟುತ್ತದೆ. ಬರಿ ಗೋಡೆ, ಬರಿ ನೆಲ, ತಗಡಿನ ಮಾಡು, ಮೂರೂ ಸದ್ದನ್ನು ತಿರುಗಿ ಎಸೆಯುತ್ತವೆ. ಮೈಕು ತಂದರೆ ಮೈಕು ಹಿಡಿದವರ ಸಭೆಯಾಗುತ್ತದೆ. ಹಳೆಯ ಕೌದಿ ನಾಲ್ಕು ತಂದು, ಎದುರುಬದುರಲ್ಲದ ಎರಡು ಗೋಡೆಗೆ, ನೆಲದಿಂದ ಮೂರಡಿ ಮೇಲೆ, ಗೋಡೆಗೆ ಅಂಟದಂತೆ ಎರಡು ಬೆರಳು ಬಿಟ್ಟು ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ. ಮೆಲ್ಲಗೆ ಆಡಿದ ಮಾತೂ ಕೇಳಿಸುವಷ್ಟು ವ್ಯತ್ಯಾಸವಾಗುತ್ತದೆ. ಐದಾರು ಪದರ ಹಳೆ ಸೀರೆ ಸೇರಿಸಿ ಹೊಲಿದ ಕೌದಿಗೆ ಸದ್ದು ನುಂಗುವ ಗುಣ ಚೆನ್ನಾಗಿದೆ.

ಇನ್ನು ನಮ್ಮ ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ, ಕಾಟ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಮೇಲಿದ್ದ ನೆಲಗಟ್ಟನ್ನು ಎತ್ತಿ ಒಡೆಯುತ್ತದೆ. ಕಟ್ಟಡ ಒಪ್ಪಿಕೊಳ್ಳುವ ಮೊದಲು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಇದೆಯೇ ನೋಡಿ. ಇದ್ದರೆ ಅದರ ಮೇಲೆ ಅಡ್ಡಲಾಗಿ ಬೆರಳಗಲದ ಕಾಗದದ ಪಟ್ಟಿಯನ್ನು ಹಿಟ್ಟಿನ ಅಂಟಿನಿಂದ ಬಿಗಿಯಾಗಿ ಅಂಟಿಸಿ, ತಾರೀಖು ಬರೆಯಿರಿ. ಒಂದು ಮಳೆಗಾಲದಲ್ಲಿ ಪಟ್ಟಿ ಹರಿದರೆ ಬಿರುಕು ಇನ್ನೂ ಜೀವಂತವಾಗಿದೆ, ಅಲ್ಲಿ ಯಂತ್ರ ಕೂರಿಸುವಂತಿಲ್ಲ. ಹೊಸದಾಗಿ ನೆಲ ಹಾಕುವುದಾದರೆ ಎರಿ ಮಣ್ಣನ್ನು ಎರಡು ಮೂರು ಅಡಿ ತೆಗೆದುಹಾಕಿ, ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಅರ್ಧ ಅರ್ಧ ಅಡಿಗೆ ನೀರು ಹೊಡೆದು ಧಮ್ಮಸು ಮಾಡಬೇಕು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಸುತ್ತ ಮೂರಡಿ ಫರಸಿ ಕಲ್ಲು ಹಾಕಬೇಕು. ಇದನ್ನು ಬಿಟ್ಟರೆ ಎರಡನೇ ಮಳೆಗಾಲಕ್ಕೆ ಬಾಗಿಲು ಹಾಕಲು ಬರುವುದಿಲ್ಲ.

ಎರಿ ಭೂಮಿಗೆಂದು ಬುನಾದಿಯನ್ನು ಎರಡಡಿ ಮೇಲೆತ್ತುತ್ತಾರೆ. ಕಟ್ಟಡಕ್ಕೆ ಅದು ಒಳ್ಳೆಯದು, ಮುದುಕಿಯರಿಗೆ ಕೆಟ್ಟದು. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಎರಡಡಿಗೆ ಇಪ್ಪತ್ನಾಲ್ಕು ಅಡಿ. ಮುಂದೆ ಅಷ್ಟು ಜಾಗ ಇರುವುದಿಲ್ಲವೆಂದು ಗುತ್ತಿಗೆದಾರರು ಎಂಟಡಿಯಲ್ಲಿ ಮುಗಿಸುತ್ತಾರೆ, ಅದರ ಮೇಲೆ ಬೈಕು ಹತ್ತುತ್ತದೆ, ಮನುಷ್ಯರು ಹತ್ತುವುದಿಲ್ಲ. ಇಳಿಜಾರನ್ನು ಗೋಡೆಗುಂಟ ಮಡಚಿ ತನ್ನಿ, ತಿರುವಿನಲ್ಲಿ ನಾಲ್ಕೈದು ಅಡಿ ಸಮತಟ್ಟು ಬಿಡಿ. ಮೆಟ್ಟಿಲು ಆರು ಇಂಚಿಗಿಂತ ಎತ್ತರ ಬೇಡ, ಹಿಡಿಯಲು ಒಂದು ಪೈಪು ಇರಲೇಬೇಕು.

ಬೀಜದ ಕೋಣೆಯ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿ ಜಾಗ ತಪ್ಪಿದರೆ ಬೀಜದ ಜೀವವೇ ಹೋಗುತ್ತದೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಅವರು ಸಮುದಾಯ ಬೀಜ ಬ್ಯಾಂಕನ್ನೂ ಸಿರಿಧಾನ್ಯ ಸಂಸ್ಕರಣೆಯನ್ನೂ ಹಿಡಿದು ಮಾಡಿದ ಕೆಲಸ ಅದು. ಆಮೇಲೆ ಅದೇ ಹಾದಿ ಹಿಡಿಯಬೇಕೆನ್ನುವ ಊರುಗಳು ಹೆಚ್ಚಾಗಿವೆ, ಬಹಳ ಸಂತೋಷ. ಆದರೆ ಬೀಜ ಮತ್ತು ಯಂತ್ರವನ್ನು ಒಂದೇ ಕೋಣೆಯಲ್ಲಿ ಇಡಬೇಡಿ. ನವಣಿ, ಸಾವಿಯ ಸಿಪ್ಪೆ ತೆಗೆಯುವಾಗ ಎದ್ದ ಹೊಟ್ಟು ಗಡಿಗೆಯ ಬಾಯಿಗೆಲ್ಲ ಕೂರುತ್ತದೆ, ಅದರಲ್ಲಿ ಹುಳ ಮನೆ ಮಾಡುತ್ತದೆ, ಮೋಟರಿನ ಕಾವು ಬೀಜದ ಮೊಳಕೆ ಶಕ್ತಿಯನ್ನು ತಿನ್ನುತ್ತದೆ. ನಡುವೆ ಗೋಡೆ ಬೇಕು, ಬಾಗಿಲು ಬೇರೆ ಬೇರೆ ದಿಕ್ಕಿಗೆ ತೆರೆಯಬೇಕು.

ಹತ್ತು ಹತ್ತು ಅಡಿಯ ಕೋಣೆ ಒಂದು ಊರಿಗೆ ಸಾಕು. ಪಡುವಣ ಬಿಸಿಲು ಬೀಳದ ಗೋಡೆ ಹುಡುಕಿ. ಹಲಗೆ ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ಅರ್ಧ ಅಡಿ ಈಚೆ ಇರಲಿ, ತೇವ ಏರುವುದಿಲ್ಲ, ಹಿಂದೆ ಇಲಿ ಓಡಾಡಿದರೆ ಕಾಣುತ್ತದೆ. ಬೀಜವನ್ನು ಹಲ್ಲಿನಲ್ಲಿ ಕಡಿದಾಗ ಕಟ್ ಎನ್ನಬೇಕು, ಮೆತ್ತಗಾದರೆ ಇನ್ನೊಂದು ಬಿಸಿಲು ಬೇಕು. ಬಿಸಿಲಿನಿಂದ ತೆಗೆದ ಬೀಜವನ್ನು ಬಿಸಿಯಾಗಿಯೇ ಗಡಿಗೆಗೆ ತುಂಬುವುದು ಸಾಮಾನ್ಯ ತಪ್ಪು. ರಾತ್ರಿ ಗಡಿಗೆ ತಣ್ಣಗಾದಾಗ ಒಳಗೆ ಬೆವರುತ್ತದೆ, ಬೂಸರು ಬರುತ್ತದೆ. ನೆರಳಿನಲ್ಲಿ ಹರವಿ ಆರಿಸಿ, ಕಂಠದವರೆಗೂ ತುಂಬಿ, ಮೇಲೆ ಎರಡು ಬೆರಳು ದಪ್ಪ ಜರಡಿ ಹಿಡಿದ ಬೂದಿ, ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಸಗಣಿ ಮಣ್ಣು ಮೆತ್ತಿ. ನೆಲದೊಳಗಿನ ಹಗೇವಿನಲ್ಲಿ ಜೋಳ ಕಾಯ್ದ ಊರುಗಳ ಹಿರಿಯರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಒಂದು ಸೇರು ಒಯ್ದವರು ಎರಡು ಸೇರು ತಿರುಗಿ ಕೊಡುವುದು ರೂಢಿಯ ನಿಯಮ. ಆ ಲೆಕ್ಕದ ಪುಸ್ತಕ ಗಡಿಗೆಗಳ ಪಕ್ಕದಲ್ಲೇ ದಾರಕ್ಕೆ ಕಟ್ಟಿ ತೂಗಾಡುತ್ತಿರಲಿ. ಕಾರ್ಯದರ್ಶಿಯ ಮನೆಯ ಪೆಟ್ಟಿಗೆಯಲ್ಲಿಟ್ಟರೆ ಬೀಜ ಅವರದಾಗುತ್ತದೆ.

ಯಂತ್ರ ತರುವ ಮೊದಲು ವಿದ್ಯುತ್ ಕಂಪನಿ ಹೆಸ್ಕಾಂನ ಶಾಖೆಗೆ ಹೋಗಿ ಆ ಕಟ್ಟಡಕ್ಕೆ ಬರುವ ಲೈನ್ ಯಾವ ಫೀಡರಿನದು, ಮೂರು ಫೇಸ್ ಎಷ್ಟು ತಾಸು ಇರುತ್ತದೆ ಎಂದು ಕೇಳಿ. ಊರಂಚಿನ ಕಟ್ಟಡ ಪಂಪ್‌ಸೆಟ್ಟಿನ ಲೈನಿನ ಮೇಲಿದ್ದರೆ ಕರೆಂಟು ಬರುವುದು ರಾತ್ರಿಯಾದೀತು, ಆ ಹೊತ್ತಿಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಯಾರೂ ಇರುವುದಿಲ್ಲ.

ಬ್ಯಾಡಗಿಯಂಥ ಊರಲ್ಲಿ ಜಾಗಕ್ಕೆ ಗಾಳಿಯ ಲೆಕ್ಕವೂ ಸೇರುತ್ತದೆ. ಮಾರುಕಟ್ಟೆಯ ಸುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬರುವ ತಾಯಂದಿರ ಜೊತೆ ಕೂಸುಗಳೂ ಬರುತ್ತವೆ. ಕೂಸಿನ ಮನೆಯನ್ನು ದೂರ ಇಟ್ಟರೆ ಹಾಲು ಕುಡಿಸಲು ಬರಲಾಗುವುದಿಲ್ಲ, ಪಕ್ಕದಲ್ಲೇ ಇಟ್ಟರೆ ಘಾಟಿಗೆ ಕೂಸು ಕೆಮ್ಮುತ್ತದೆ. ಒಂದು ಕಂಬಕ್ಕೆ ಹಗುರಾದ ಬಟ್ಟೆ ಕಟ್ಟಿ, ಹಂಗಾಮಿನಲ್ಲಿ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ ಗಾಳಿ ಎತ್ತ ಬೀಸುತ್ತದೆ ನೋಡಿ, ಗಾಳಿ ಬರುವ ಕಡೆಯಲ್ಲಿ ಮನೆ ಹಿಡಿಯಿರಿ.

ಹುಬ್ಬಳ್ಳಿ-ಧಾರವಾಡದಲ್ಲಿ ತೊಡಕು ಬೇರೆ ತರಹದ್ದು. ವಿಶ್ವವಿದ್ಯಾಲಯ, ವಿಜ್ಞಾನಿಗಳು, ಬರಹಗಾರರು ಒಂದು ತುದಿಗೆ, ವ್ಯಾಪಾರ, ವರ್ಕ್‌ಶಾಪು, ರೈಲ್ವೆ ಇನ್ನೊಂದು ತುದಿಗೆ, ನಡುವೆ ಇಪ್ಪತ್ತು ಕಿಲೋಮೀಟರು. ಎರಡೂ ಕಡೆಯವರು ಕೂಡಿದರೇ ಹೊಸದು ಹುಟ್ಟುತ್ತದೆ. ಎರಡೂ ಊರಿನ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನ ದಾರಿ ಇದಕ್ಕೆ ಸಿಕ್ಕ ದೊಡ್ಡ ಅನುಕೂಲ. ಕೂಡುವ ಜಾಗ ಚಿಗರಿ ನಿಲ್ದಾಣದಿಂದ ಐದು ನಿಮಿಷದ ನಡಿಗೆಯಲ್ಲಿರಲಿ, ಕಾರ್ಯಕ್ರಮ ಏಳೂವರೆಗೆ ಮುಗಿಯಲಿ. ಆಟೋ ಹಿಡಿದೇ ಮುಟ್ಟಬೇಕಾದ ಹೊರವಲಯದ ಕಟ್ಟಡಕ್ಕೆ ಕಾರಿದ್ದವರು ಬರುತ್ತಾರೆ. ಬಾಗಿಲಲ್ಲಿ ಗಾಜು, ಕಾವಲುಗಾರ, ಹೆಸರು ಬರೆಯುವ ಪುಸ್ತಕ ಇದ್ದರೆ ಕಲಘಟಗಿಯಿಂದ ಬಂದ ರೈತ ಮಹಿಳೆ ರಸ್ತೆಯಾಚೆ ನಿಂತು ನೋಡಿ ಹೋಗುತ್ತಾಳೆ. ನೆಲಮಹಡಿಯಲ್ಲಿ ರಸ್ತೆಗೆ ತೆರೆದ ಒಂದು ಕೋಣೆ, ಹೊರಗೆ ಕೂರಲು ಕಟ್ಟಿ, ಕುಡಿಯಲು ನೀರು ಇರಲಿ. ಚಪ್ಪಲಿ ಕಳೆಯುವುದೋ ಬೇಡವೋ ಎಂದು ಅವರು ತಡವರಿಸಬಾರದು, ಫಲಕದಲ್ಲಿ ಬರೆದುಬಿಡಿ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ಘಟಕದಿಂದಲೂ ಒಂದು ಪಾಠವಿದೆ. ಧ್ವಜದ ಅಗಲ ಉದ್ದಗಳು ಎರಡಕ್ಕೆ ಮೂರರ ಪ್ರಮಾಣದಲ್ಲೇ ಇರಬೇಕು, ಇಪ್ಪತ್ನಾಲ್ಕು ಕಡ್ಡಿಯ ಚಕ್ರ ಎರಡೂ ಬದಿಗೆ ಒಂದರ ಬೆನ್ನಿಗೊಂದು ಸರಿಯಾಗಿ ಕೂರಬೇಕು. ಕತ್ತರಿಸುವುದು, ಅಚ್ಚು ಹಾಕುವುದು, ಹೊಲಿಯುವುದು ಒಂದೇ ಆವರಣದಲ್ಲಿ ಇದ್ದರೆ ಕತ್ತರಿಯ ತಪ್ಪು ಹೊಲಿಗೆಯವರ ಕೈಗೆ ಬಂದ ಕೂಡಲೇ ತಿರುಗಿ ಹೋಗುತ್ತದೆ. ರೊಟ್ಟಿ ಕೇಂದ್ರ, ಕಸೂತಿ ಕೇಂದ್ರ ಮಾಡುವವರು ಇದನ್ನು ಗಮನಿಸಬೇಕು. ಬಡಿಯುವವರು ಒಂದು ಓಣಿ, ಪ್ಯಾಕ್ ಮಾಡುವವರು ಇನ್ನೊಂದು ಓಣಿ ಎಂದು ಹಂಚಿದರೆ, ಒಡೆದ ರೊಟ್ಟಿಯ ಸುದ್ದಿ ಗಿರಾಕಿಯಿಂದ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಕಾಗದ. ಬಾಯಿಮಾತಿನಲ್ಲಿ ಸಿಕ್ಕ ಪಂಚಾಯಿತಿ ಕೋಣೆ, ಅಧ್ಯಕ್ಷರು ಬದಲಾದ ದಿನ ಕೈಬಿಡಬಹುದು, ಅವರ ಅವಧಿ ಮೂವತ್ತು ತಿಂಗಳು. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ಅದರಲ್ಲಿ ಕೋಣೆಯ ಅಳತೆ, ಬಳಸುವ ಸಂಘದ ಹೆಸರು, ಎಷ್ಟು ವರ್ಷ, ಕರೆಂಟ್ ಬಿಲ್ಲು ಯಾರದು, ಮಾಡು ಸೋರಿದರೆ ಯಾರು ಸರಿಪಡಿಸಬೇಕು, ಚುನಾವಣೆ ಮತ್ತು ಮದುವೆಗೆ ತೆರವು ಮಾಡಬೇಕೇ ಎಂಬುದನ್ನು ಬರೆಸಿ, ನಕಲು ಪ್ರತಿ ಇಟ್ಟುಕೊಳ್ಳಿ. ಮುಚ್ಚಿದ ಶಾಲೆಯ ಕೋಣೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆಯೊಂದೇ ಸಾಲದು, ಶಿಕ್ಷಣ ಇಲಾಖೆಯ ಬರಹ ಬೇಕು.

ಬೀಗಕ್ಕೆ ಮೂರು ಕೀಲಿ ಮಾಡಿಸಿ. ಎರಡು, ಬೇರೆ ಬೇರೆ ಓಣಿಯ ಇಬ್ಬರು ಸದಸ್ಯೆಯರ ಮನೆಯಲ್ಲಿ, ಮೂರನೆಯದು ಪಂಚಾಯಿತಿಯಲ್ಲಿ. ಕೀಲಿ ಹಿಡಿದ ಮನೆಯಲ್ಲಿ ಹಗಲು ಒಬ್ಬರಾದರೂ ಇರಬೇಕು. ಆ ಮನೆಯ ಹೊಸ್ತಿಲಿಗೆ ಹೋಗಿ ಕೇಳಲು ಊರಿನ ಯಾರಿಗೂ ಮುಜುಗರ ಆಗಬಾರದು. ಗಂಡನ ಜೇಬಿನಲ್ಲಿರುವ ಕೀಲಿ ಸಂಘದ ಕೀಲಿಯಲ್ಲ. ಎರಡೂ ಮನೆಯವರ ಹೆಸರನ್ನು ಬಾಗಿಲ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ, ಆರು ತಿಂಗಳಿಗೊಮ್ಮೆ ಮನೆ ಬದಲಿಸಿ.

ಬದಲಿಸುವ ಆ ದಿನ ಹಾಜರಿ ಪುಸ್ತಕ ತೆರೆದು, ಶುರುವಿನ ತಿಂಗಳಲ್ಲಿ ಬರುತ್ತಿದ್ದು ಈಗ ಬಾರದವರ ಹೆಸರನ್ನು ಓಣಿವಾರು ಬರೆದು ನೋಡಿ. ಒಂದೇ ಓಣಿಯ ಮೂರು ನಾಲ್ಕು ಹೆಸರು ಸಿಕ್ಕರೆ ಆ ಓಣಿಯಿಂದ ಬಾಗಿಲವರೆಗೆ ಸಂಜೆ ಏಳಕ್ಕೆ ಅವರ ಜೊತೆಗೇ ನಡೆದು ಬನ್ನಿ. ದಾರಿಯಲ್ಲಿ ಹೊಸ ಮದ್ಯದ ಅಂಗಡಿ ಬಂದಿರಬಹುದು, ಬೀದಿ ದೀಪ ಕೆಟ್ಟಿರಬಹುದು, ನಾಯಿ ಇರಬಹುದು, ಗಟಾರ ಒಡೆದಿರಬಹುದು. ಸರಿಪಡಿಸಲು ಬಂದರೆ ಸರಿಪಡಿಸಿ. ಬರದಿದ್ದರೆ ಗಡಿಗೆ, ಪುಸ್ತಕ, ಜಮಖಾನೆ ಎತ್ತಿಕೊಂಡು ಜಾಗ ಬದಲಿಸಿ, ಮತ್ತೆ ರಂಗೋಲಿ ಪುಡಿಯಿಂದ ಶುರು ಮಾಡಿ.